ಕೊರಳಗಂಟೆಯ ಹಿಂದೆ ಹೋದ ದಾರಿ

1835ನೆಯ ಇಸವಿ ಮಾರ್ಚ್ 18ರಂದು ಚಿಲಿ ದೇಶದ ರಾಜಧಾನಿ ಸಾಂಟಿಯಾಗೊ ನಗರದಿಂದ ಒಂದು ಸಣ್ಣ ತಂಡ ಆಂಡೀಸ್ ಪರ್ವತದತ್ತ ಹೊರಟಿತು. ಅದರಲ್ಲಿ ಮನುಷ್ಯರು ಮೂವರು, ಹೇಸರಗತ್ತೆಗಳು ಹತ್ತು, ಕೊರಳಿಗೆ ಪುಟ್ಟ ಗಂಟೆ ಕಟ್ಟಿದ ಮುದಿ ಹೆಣ್ಣುಕುದುರೆ ಒಂದು. ಮೂವರಲ್ಲಿ ಒಬ್ಬನ ಹೆಸರು ಇಂದು ಶಾಲೆಯ ಮಕ್ಕಳಿಗೂ ಗೊತ್ತು: ಚಾರ್ಲ್ಸ್ ಡಾರ್ವಿನ್. ಎರಡನೆಯವನು ಮರಿಯಾನೊ ಗೊನ್ಸಾಲೆಸ್. ಡಾರ್ವಿನ್ನನ ಪ್ರವಾಸಕಥನವನ್ನು ಗಮನವಿಟ್ಟು ಓದಿದವರಿಗೆ ಮಾತ್ರ ಈ ಹೆಸರು ನೆನಪಿನಲ್ಲಿ ಉಳಿದಿರುತ್ತದೆ. ಮೂರನೆಯವನು ಹೇಸರಗತ್ತೆಗಳನ್ನು ಹೊಡೆದುಕೊಂಡು ಪರ್ವತ ದಾಟಿಸುವ ಕಸುಬಿನವನು. ಸ್ಪ್ಯಾನಿಷ್ ಭಾಷೆಯಲ್ಲಿ ಇಂಥವನನ್ನು ‘ಆರಿಯೆರೊ’ ಎನ್ನುತ್ತಾರೆ. ಗ್ರಂಥದಲ್ಲಿ ಅವನಿಗೆ ಕಸುಬಿನ ಹೆಸರಷ್ಟೇ ಇದೆ, ಸ್ವಂತದ ಹೆಸರಿಲ್ಲ.

ಮುಂಬಯಿ, ಪುಣೆಗಳ ನಡುವೆ ಓಡಾಡುವ ನಮ್ಮಂಥವರಿಗೆ ಘಾಟಿಯೆಂದರೆ ರೈಲಿನ ಕಿಟಕಿಯಾಚೆ ಅಷ್ಟು ಹೊತ್ತಿನಲ್ಲಿ ಕಳೆದುಹೋಗುವ ಹಸಿರು ಇಳಿಜಾರು, ನಾಲ್ಕಾರು ಸುರಂಗ. ರೈಲು ಬರುವ ಮುನ್ನ ಇದೇ ಸಹ್ಯಾದ್ರಿಯನ್ನು ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೊರಿಸಿಕೊಂಡು ಲಂಬಾಣಿಗಳು ಹತ್ತಿ ಇಳಿಯುತ್ತಿದ್ದರು. ಯಾವ ತಿರುವಿನಲ್ಲಿ ನೀರಿದೆ, ಯಾವ ಬಯಲಿನಲ್ಲಿ ಮೇವಿದೆ, ಯಾವ ಮೋಡ ಮಳೆ ತರುತ್ತದೆ ಎಂಬುದು ಅವರ ತಲೆಯಲ್ಲಿತ್ತು, ಕಾಗದದ ಮೇಲಿರಲಿಲ್ಲ. ಡಾರ್ವಿನ್ನನ ಆಂಡೀಸ್ ಪ್ರಯಾಣದ ಪುಟಗಳನ್ನು ಮತ್ತೆ ಓದುವಾಗ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇಂಥ ತಿಳಿವಳಿಕೆಯ ಪ್ರಶ್ನೆ. ಪರ್ವತವು ಒಂದು ಕಾಲಕ್ಕೆ ಕಡಲತಳವಾಗಿತ್ತೆಂದು ಅವನು ಓದಿಕೊಂಡನು, ನಿಜ. ಆದರೆ ಓದುವುದಕ್ಕೆ ಅವನನ್ನು ಅಲ್ಲಿಗೆ ಒಯ್ದು, ಜೀವಸಹಿತ ಮರಳಿ ಕಡಲಿಗೆ ತಂದವರು ಯಾರು? ಅವರ ಓದು ಎಂಥದು?

ಡಾರ್ವಿನ್ನನೆಂದರೆ ಬೀಗಲ್ ಹಡಗು ಎಂದೇ ನಾವು ಕಲಿತಿದ್ದೇವೆ. ಆದರೆ ಸುಮಾರು ಐದು ವರ್ಷಗಳ ಆ ಯಾತ್ರೆಯಲ್ಲಿ ಮೂರು ವರ್ಷಕ್ಕೂ ಮಿಕ್ಕಿದ ಕಾಲವನ್ನು ಅವನು ಕಳೆದದ್ದು ನೆಲದ ಮೇಲೆ. ಹಡಗು ಕರಾವಳಿಯನ್ನು ಅಳೆಯುತ್ತ ನಿಧಾನವಾಗಿ ಸಾಗುತ್ತಿದ್ದರೆ, ಅವನು ಕುದುರೆಯನ್ನೋ ಹೇಸರಗತ್ತೆಯನ್ನೋ ಹತ್ತಿ ಒಳನಾಡಿಗೆ ಹೋಗಿಬರುತ್ತಿದ್ದನು. ಕಡಲಬೇನೆಯಿಂದ ತುಂಬ ನರಳುತ್ತಿದ್ದವನಿಗೆ ಜೀನು ಹಡಗಿಗಿಂತ ಸುಖದ ಆಸನವಾಗಿತ್ತು.

ಮಾರ್ಚ್ ತಿಂಗಳ ಆ ಪ್ರಯಾಣಕ್ಕೆ ಒಂದು ಹಿನ್ನೆಲೆಯಿದೆ. ಅದೇ ವರ್ಷದ ಫೆಬ್ರವರಿ 20ರಂದು ಚಿಲಿಯಲ್ಲಿ ಮಹಾಭೂಕಂಪವಾಯಿತು. ಆ ಹೊತ್ತಿಗೆ ಡಾರ್ವಿನ್ ವಾಲ್ದಿವಿಯಾ ಊರಿನ ಬಳಿ ಕಾಡಿನಲ್ಲಿ ಮಲಗಿ ದಣಿವಾರಿಸಿಕೊಳ್ಳುತ್ತಿದ್ದನು. ನೆಲ ಸುಮಾರು ಎರಡು ನಿಮಿಷ ಅಲುಗಾಡಿತು. ಕೆಲವು ದಿನಗಳ ಅನಂತರ ಹಡಗು ಕೊನ್ಸೆಪ್ಸಿಯೋನ್ ತೀರಕ್ಕೆ ಬಂದಾಗ ನಗರವೆಂಬುದು ಇಟ್ಟಿಗೆಯ ರಾಶಿಯಾಗಿ ಬಿದ್ದಿತ್ತು. ಆ ಹಾಳಿನ ನಡುವೆಯೂ ಅವನ ಕಣ್ಣಿಗೆ ಬಿದ್ದ ಸಂಗತಿಯೆಂದರೆ, ತೀರದ ನೆಲವೇ ಎರಡು ಮೂರು ಅಡಿ ಮೇಲೆದ್ದಿತ್ತು. ಸಮೀಪದ ಸಾಂತಾ ಮರಿಯಾ ದ್ವೀಪದಲ್ಲಿ ಹಡಗಿನ ನಾಯಕ ಫಿಟ್ಸ್‌ರಾಯ್ ಅಳೆದು ನೋಡಿದಾಗ, ಬಂಡೆಗಂಟಿಕೊಂಡಿದ್ದ ಚಿಪ್ಪುಮೀನುಗಳು ಭರತರೇಖೆಗಿಂತ ಹತ್ತು ಅಡಿ ಮೇಲೆ ಕೊಳೆಯುತ್ತಿದ್ದವು. ಅದೇ ಚಿಪ್ಪುಗಳಿಗಾಗಿ ಅಲ್ಲಿಯ ಜನ ಮೊದಲು ನೀರಿನೊಳಗೆ ಮುಳುಗು ಹಾಕುತ್ತಿದ್ದರಂತೆ.

ಅಲ್ಪಾಲ್ಪವಾಗಿ, ಅನೇಕ ಸಾರಿ, ದೀರ್ಘಕಾಲ ನಡೆಯುವ ಕ್ರಿಯೆಗಳೇ ಭೂಮಿಯ ರೂಪವನ್ನು ತಿದ್ದುತ್ತವೆಂಬ ಚಾರ್ಲ್ಸ್ ಲಯೆಲ್‌ನ ವಾದವನ್ನು ಡಾರ್ವಿನ್ ಹಡಗಿನಲ್ಲಿ ಓದಿದ್ದನು. ಈಗ ಅದು ಕಣ್ಣೆದುರಿಗೇ ನಡೆದಿತ್ತು. ಒಂದು ದಿನದಲ್ಲಿ ತೀರ ಹತ್ತು ಅಡಿ ಏಳಬಹುದಾದರೆ, ಇಂಥ ಏಳಿಕೆಗಳ ಮೊತ್ತವಾಗಿ ಪರ್ವತವೊಂದು ಏಳಲಾರದೆ? ಈ ಪ್ರಶ್ನೆಗೆ ಉತ್ತರ ಕಡಲಂಚಿನಲ್ಲಿರಲಿಲ್ಲ. ಪರ್ವತವನ್ನೇ ಅಡ್ಡಡ್ಡವಾಗಿ ದಾಟಿ ಅದರ ಪದರಗಳನ್ನು ನೋಡಬೇಕಿತ್ತು.

ಸಾಂಟಿಯಾಗೊದಿಂದ ಪರ್ವತದಾಚೆಯ ಮೆಂಡೋಜ ನಗರಕ್ಕೆ ಹೋಗಲು ಆಗ ಎರಡು ಕಂಡಿಗಳು ಬಳಕೆಯಲ್ಲಿದ್ದವು. ಉತ್ತರದ ಉಸ್ಪಾಯಾತ ದಾರಿಯಲ್ಲಿ ಜನಸಂಚಾರ ಹೆಚ್ಚು. ದಕ್ಷಿಣದ ಪೋರ್ತಿಯೊ ಹತ್ತಿರದ ದಾರಿ, ಆದರೆ ಹೆಚ್ಚು ಎತ್ತರದ್ದು, ಹೆಚ್ಚು ಅಪಾಯದ್ದು. ಪೋರ್ತಿಯೊ ಎಂದರೆ ಸಣ್ಣ ಬಾಗಿಲು, ಕಿಂಡಿ ಎಂದರ್ಥ. ಹದಿನೆಂಟು ವರ್ಷಗಳ ಹಿಂದೆ, 1817ರಲ್ಲಿ, ಸ್ಪೇನಿನ ಆಳ್ವಿಕೆಯಿಂದ ಚಿಲಿಯನ್ನು ಬಿಡಿಸಲು ಸೇನಾನಿ ಸಾನ್ ಮಾರ್ತಿನ್ ಸಾವಿರಾರು ಹೇಸರಗತ್ತೆಗಳೊಡನೆ ಇದೇ ಆಂಡೀಸನ್ನು ದಾಟಿದ್ದನು. ಅವನ ಸೈನ್ಯದ ಒಂದು ಭಾಗ ಬಂದದ್ದು ಉಸ್ಪಾಯಾತದ ಮೂಲಕ. ಡಾರ್ವಿನ್ ಹೋಗುವಾಗ ಪೋರ್ತಿಯೊ, ಬರುವಾಗ ಉಸ್ಪಾಯಾತ ಎಂದು ಗೊತ್ತುಮಾಡಿಕೊಂಡನು. ಚಳಿಗಾಲ ಸಮೀಪಿಸುತ್ತಿತ್ತು. ಹಿಮ ಬಿದ್ದು ದಾರಿ ಮುಚ್ಚಿದರೆ ನಡುವೆ ಸಿಕ್ಕಿಬೀಳುವ ಭಯದಿಂದ ಸಾಕಷ್ಟು ಆಹಾರವನ್ನು ಹೇರಿಕೊಂಡು ಹೊರಟರು. ಹತ್ತು ಹೇಸರಗತ್ತೆಗಳಲ್ಲಿ ಆರು ಸವಾರಿಗೆ, ನಾಲ್ಕು ಹೊರೆಗೆ. ಯಾವುದಕ್ಕೂ ಹೆಚ್ಚು ದಣಿವಾಗದಂತೆ ಸರದಿ ಬದಲಾಗುತ್ತಿತ್ತು.

ಇಲ್ಲಿ ಆ ಮುದಿ ಕುದುರೆಯ ಮಾತು ಬರುತ್ತದೆ. ಅದನ್ನು ‘ಮದ್ರಿನಾ’ ಎನ್ನುತ್ತಾರೆ, ಧರ್ಮತಾಯಿ ಎಂದರ್ಥ. ಅದರ ಬೆನ್ನ ಮೇಲೆ ಯಾರೂ ಕೂರಬೇಕಾಗಿಲ್ಲ. ಅದರ ಕೆಲಸ ಮುಂದೆ ಇರುವುದು, ಕೊರಳ ಗಂಟೆಯನ್ನು ಸದ್ದು ಮಾಡುತ್ತಿರುವುದು. ಹೇಸರಗತ್ತೆಗಳು ತಾಯ ಹಿಂದಿನ ಮಕ್ಕಳಂತೆ ಆ ಸದ್ದಿನ ಹಿಂದೆ ಬರುತ್ತವೆ. ರಾತ್ರಿ ಹಲವು ತಂಡಗಳ ಇನ್ನೂರು ಮುನ್ನೂರು ಪ್ರಾಣಿಗಳು ಒಂದೇ ಬಯಲಿನಲ್ಲಿ ಕಲೆತು ಮೇಯ್ದರೂ ಚಿಂತೆಯಿಲ್ಲ. ಬೆಳಗ್ಗೆ ಆರಿಯೆರೊಗಳು ತಂತಮ್ಮ ಮದ್ರಿನಾವನ್ನು ತುಸು ದೂರ ಕರೆದೊಯ್ದು ಗಂಟೆ ಅಲುಗಿಸಿದರೆ ಸಾಕು, ಪ್ರತಿಯೊಂದು ಹೇಸರಗತ್ತೆಯೂ ತನ್ನವಳ ದನಿಯನ್ನು ಗುರುತಿಸಿ ಬಂದು ಸೇರುತ್ತದೆ. ಸಮತಟ್ಟು ದಾರಿಯಲ್ಲಿ ಒಂದೊಂದೂ ಸುಮಾರು 190 ಕಿಲೊ ಹೊರುತ್ತದೆ. ಪರ್ವತದಲ್ಲಿ ಅದಕ್ಕಿಂತ ಸುಮಾರು 45 ಕಿಲೊ ಕಡಿಮೆ ಹೇರುತ್ತಾರೆ. ಕುದುರೆ, ಕತ್ತೆಗಳ ಮಿಶ್ರಸಂತಾನವಾದ ಈ ಪ್ರಾಣಿ ನೆನಪು, ಹಟ, ಸಂಗಾತಿಗಳ ಮೇಲಣ ಪ್ರೀತಿ, ತಾಳಿಕೆಗಳಲ್ಲಿ ತಾಯಿತಂದೆಗಳಿಬ್ಬರನ್ನೂ ಮೀರಿರುವುದನ್ನು ಕಂಡು ಡಾರ್ವಿನ್ ಸೋಜಿಗಪಟ್ಟನು.

ಕುದುರೆಗೂ ಆ ನೆಲಕ್ಕೂ ಇರುವ ಸಂಬಂಧವೇ ಒಂದು ವಿಚಿತ್ರ ಇತಿಹಾಸ. ಸ್ಪೇನಿನವರು ಹಡಗಿನಲ್ಲಿ ತರುವವರೆಗೆ ಅಮೆರಿಕ ಖಂಡಗಳ ಜನ ಕುದುರೆಯನ್ನು ಕಂಡವರಲ್ಲ. ಆದರೆ 1833ರಲ್ಲಿ ಅರ್ಜೆಂಟೀನಾದ ಬಯಲಿನಲ್ಲಿ, ಅಳಿದುಹೋದ ಭಾರಿ ಮೃಗಗಳ ಎಲುಬುಗಳಿದ್ದ ಪದರದಲ್ಲೇ ಡಾರ್ವಿನ್ನನಿಗೆ ಕುದುರೆಯ ಹಲ್ಲೊಂದು ಸಿಕ್ಕಿತು. ಮನುಷ್ಯರು ಮರೆತ ಯಾವುದೋ ಕಾಲದಲ್ಲಿ ಕುದುರೆ ಅಲ್ಲಿಯೇ ಬಾಳಿ, ಅಲ್ಲಿಯೇ ಅಳಿದು, ಬಹುಕಾಲದ ಮೇಲೆ ಪರದೇಶಿಯಂತೆ ಮರಳಿ ಬಂದಿತ್ತು. ಒಂದು ಜೀವಜಾತಿ ಏಕೆ ಅಳಿಯುತ್ತದೆ ಎಂಬ ಪ್ರಶ್ನೆ ಅವನ ಮನಸ್ಸಿನಲ್ಲಿ ಬೇರುಬಿಟ್ಟಿದ್ದಕ್ಕೆ ಆ ಹಲ್ಲೂ ಒಂದು ಕಾರಣ. ಮದ್ರಿನಾದ ಹಿಂದೆ ಸವಾರಿ ಮಾಡುತ್ತಿದ್ದವನಿಗೆ ಈ ಸಂಗತಿ ಗೊತ್ತಿತ್ತು.

ಮೊದಲ ದಿನಗಳ ಪ್ರಯಾಣ ಸುಖದ್ದು. ಜನವಸತಿಯಿದ್ದಲ್ಲಿ ಸ್ವಲ್ಪ ಸೌದೆ ಕೊಳ್ಳುವುದು, ಪ್ರಾಣಿಗಳಿಗೆ ಹುಲ್ಲುಗಾವಲನ್ನು ಬಾಡಿಗೆಗೆ ಹಿಡಿಯುವುದು, ಅದೇ ಹೊಲದ ಮೂಲೆಯಲ್ಲಿ ಕಬ್ಬಿಣದ ಪಾತ್ರೆಯಲ್ಲಿ ಅಡುಗೆ ಮಾಡಿಕೊಂಡು ಬಯಲಿನಲ್ಲೇ ಮಲಗುವುದು. ಮಾಯ್ಪೊ ನದಿಯ ಕಣಿವೆ ಹಿಡಿದು ಮೇಲೇರುವಾಗ ಇಕ್ಕೆಲಗಳಲ್ಲೂ ನುಣುಪುಗಲ್ಲುಗಳ ಮಟ್ಟಸವಾದ ಮೆಟ್ಟಿಲುಗಳು ಕಾಣುತ್ತಿದ್ದವು. ಕಣಿವೆಯೊಳಗೆ ಕಡಲಿನ ಚಾಚು ನುಗ್ಗಿದ್ದ ಕಾಲದಲ್ಲಿ ಹೊಳೆಗಳು ತಂದು ಹರಡಿದ ಕಲ್ಲುಗಳಿವು. ನೆಲ ಮೆಲ್ಲಮೆಲ್ಲನೆ ಏಳುತ್ತ ಹೋದಂತೆ ಮೇಲೆ ಉಳಿದವು ಎಂದು ಡಾರ್ವಿನ್ ಊಹಿಸಿದನು. ಅದಾಗಲೇ ಬೇಸಿಗೆಯ ಮೇವು ಮುಗಿದು ಮೇಲಿನ ಕಣಿವೆಗಳಿಂದ ದನಗಳನ್ನು ಕೆಳಗಿಳಿಸುತ್ತಿದ್ದರು. ತಂಡ ಮಾತ್ರ ಮೇಲೇರುತ್ತಿತ್ತು.

ಆ ಭಾಗದಲ್ಲಿ ಆಂಡೀಸಿನದು ಒಂದೇ ಸಾಲಲ್ಲ, ಎರಡು. ಪಶ್ಚಿಮದ್ದು ಪೆವ್ಕೆನೆಸ್, ಪೂರ್ವದ್ದು ಪೋರ್ತಿಯೊ. ಎರಡೂ ಹದಿಮೂರು ಸಾವಿರ ಅಡಿಗಿಂತ ಎತ್ತರ. ಪೆವ್ಕೆನೆಸ್ ಏರುವಾಗ ಹೇಸರಗತ್ತೆಗಳು ಐವತ್ತು ಗಜಕ್ಕೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದವು. ತೆಳುಗಾಳಿಯಿಂದ ಬರುವ ಏದುಸಿರಿಗೆ ಅಲ್ಲಿಯ ಜನ ‘ಪುನಾ’ ಎನ್ನುತ್ತಾರೆ. ಅದಕ್ಕೆ ಈರುಳ್ಳಿ ತಿನ್ನುವುದು ಮದ್ದೆಂದು ಅವರ ನಂಬಿಕೆ. ಡಾರ್ವಿನ್ನನಿಗೆ ಎದೆ ಬಿಗಿದಂತಾದದ್ದು ನಿಜ. ಆದರೆ ನೆತ್ತಿಯ ಬಂಡೆಗಳಲ್ಲಿ ಕಡಲಜೀವಿಗಳ ಚಿಪ್ಪಿನ ಪಳೆಯುಳಿಕೆಗಳು ಕಂಡೊಡನೆ ಪುನಾ ಮರೆತೇಹೋಯಿತೆಂದು ಬರೆಯುತ್ತಾನೆ. ಒಂದು ತಿಂಗಳ ಹಿಂದೆ ಕಡಲತೀರದಲ್ಲಿ ಚಿಪ್ಪುಗಳು ಹತ್ತು ಅಡಿ ಮೇಲೆದ್ದು ಕೊಳೆಯತೊಡಗಿದ್ದವು. ಈಗ ಕಲ್ಲಾದ ಚಿಪ್ಪುಗಳು ಹದಿಮೂರು ಸಾವಿರ ಅಡಿಯ ಮೇಲೆ ಕಣ್ಣೆದುರಿಗಿದ್ದವು. ನಡುವಿನ ಅಂತರವನ್ನು ತುಂಬಬಲ್ಲದ್ದು ಕಾಲವೊಂದೇ. ಅದುವರೆಗೆ ಯಾರೂ ಎಣಿಸಲು ಹೆದರುತ್ತಿದ್ದಷ್ಟು ದೀರ್ಘವಾದ ಕಾಲ.

ಹಿಮದ ಹಾಸಿನ ಮೇಲೆ ಹೋಗುವಾಗ ಹೇಸರಗತ್ತೆಗಳ ಹೆಜ್ಜೆಗುರುತು ನಸುಗೆಂಪಾಗಿ ಮೂಡುತ್ತಿತ್ತು, ಗೊರಸಿನಿಂದ ನೆತ್ತರು ಒಸರಿದಂತೆ. ಸುತ್ತಣ ಕೆಂಪು ಬಂಡೆಗಳ ಧೂಳಿರಬೇಕೆಂದು ಅವನು ಮೊದಲು ಭಾವಿಸಿದನು. ಕಾಗದಕ್ಕೆ ಉಜ್ಜಿ ತಂದು ಅನಂತರ ಪರೀಕ್ಷಿಸಿದಾಗ ಅದು ಹಿಮದಲ್ಲಿ ಬದುಕುವ ಸೂಕ್ಷ್ಮ ಸಸ್ಯವೆಂದು ತಿಳಿಯಿತು. ಇನ್ನೊಂದೆಡೆ ಕರಗಿ ಕಂಬಗಳಾಗಿ ನಿಂತ ಮಂಜುಗಡ್ಡೆಯ ಮೇಲೆ ಒಂದು ಕುದುರೆ ಹೆಪ್ಪುಗಟ್ಟಿ ನಿಂತಿತ್ತು. ಹಿಂಗಾಲುಗಳು ನೆಟ್ಟಗೆ ಆಕಾಶಕ್ಕೆ. ಹಿಮ ತುಂಬಿದ್ದ ಕಾಲದಲ್ಲಿ ಅದು ತಲೆಕೆಳಗಾಗಿ ಗುಂಡಿಗೆ ಬಿದ್ದಿರಬೇಕು; ಸುತ್ತಲ ಹಿಮ ಕರಗಿಹೋದ ಮೇಲೆ ಪೀಠದ ಮೇಲಿಟ್ಟ ಬೊಂಬೆಯಂತೆ ಉಳಿಯಿತು. ಈ ದಾರಿ ತಪ್ಪಿದವರಿಗೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಎರಡು ಸಾಲುಗಳ ನಡುವಿನ ತಗ್ಗಿನಲ್ಲಿ, ಸುಮಾರು ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ಆ ರಾತ್ರಿ ಬೀಡುಬಿಟ್ಟರು. ಆಲೂಗಡ್ಡೆ ಬೇಯಲಿಲ್ಲ. ಪಾತ್ರೆಯನ್ನು ಇಡೀ ರಾತ್ರಿ ಒಲೆಯ ಮೇಲಿಟ್ಟು ಬೆಳಗ್ಗೆ ಮತ್ತೆ ಕುದಿಸಿದರೂ ಬೇಯಲಿಲ್ಲ. ಗಾಳಿಯ ಒತ್ತಡ ಕಡಿಮೆಯಿರುವಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಆ ಎತ್ತರದಲ್ಲಿ ಅದು 90 ಡಿಗ್ರಿಯ ಆಸುಪಾಸಿನಲ್ಲಿ ಕುದಿದು ಆವಿಯಾಗುತ್ತದೆ. ಡಾರ್ವಿನ್ನನಿಗೆ ಇದು ಗೊತ್ತಿತ್ತು. ಬೆಳಗ್ಗೆ ಅವನ ಇಬ್ಬರು ಸಂಗಾತಿಗಳು ಕಾರಣವನ್ನು ಚರ್ಚಿಸುತ್ತಿದ್ದುದನ್ನು ಅವನು ಕೇಳಿಸಿಕೊಂಡನು. ಪಾತ್ರೆ ಹೊಸದು, ಆಲೂಗಡ್ಡೆ ಬೇಯಿಸಲು ಈ ಶನಿಗೆ ಮನಸ್ಸಿಲ್ಲ ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು. ಈ ಪ್ರಸಂಗವನ್ನು ಓದುವ ಎಲ್ಲರೂ ನಗುತ್ತಾರೆ. ನಾವೂ ನಕ್ಕೆವು.

ಆದರೆ ಅದೇ ರಾತ್ರಿ ಇನ್ನೊಂದು ಸಂಗತಿ ನಡೆಯಿತು. ನಡುವೆ ಎಚ್ಚರವಾದಾಗ ಡಾರ್ವಿನ್ನನಿಗೆ ಆಕಾಶದಲ್ಲಿ ಮೋಡ ಕವಿದಿರುವುದು ಕಾಣಿಸಿತು. ಎರಡು ಹಿಮಸಾಲುಗಳ ನಡುವೆ ಸಿಕ್ಕಿಕೊಂಡಿದ್ದಾರೆ. ಬಿರುಹಿಮ ಬಿದ್ದರೆ ಮುಂದಿನ ಬಾಗಿಲೂ ಮುಚ್ಚುತ್ತದೆ, ಹಿಂದಿನದೂ ಮುಚ್ಚುತ್ತದೆ. ಅವನು ಆರಿಯೆರೊನನ್ನು ಎಬ್ಬಿಸಿ, ಹವೆ ಕೆಡುವ ಅಪಾಯವಿದೆಯೇ ಎಂದು ಕೇಳಿದನು. ಗುಡುಗು ಮಿಂಚುಗಳಿಲ್ಲದೆ ದೊಡ್ಡ ಹಿಮಪಾತವಾಗುವ ಭಯವಿಲ್ಲ ಎಂದು ಅವನು ಹೇಳಿದನು. ಹಿಮ ಬೀಳಲಿಲ್ಲ, ಬೆಳಗ್ಗೆ ಬೇಯದ ಆಲೂಗಡ್ಡೆಯನ್ನು ಬಿಟ್ಟು ತಂಡ ಪೋರ್ತಿಯೊದತ್ತ ಹೊರಟಿತು.

ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕು ಎಂಬುದು ನಮ್ಮ ಅಭಿಪ್ರಾಯ. ಪಾತ್ರೆಯ ವಿಷಯದಲ್ಲಿ ಆರಿಯೆರೊನ ವಿವರಣೆ ತಪ್ಪು, ಡಾರ್ವಿನ್ನನದು ಸರಿ. ಆದರೆ ಇಬ್ಬರ ಆಲೂಗಡ್ಡೆಯೂ ಬೇಯಲಿಲ್ಲ. ಮೋಡದ ವಿಷಯದಲ್ಲಿ ಡಾರ್ವಿನ್ನನಿಗೆ ವಿವರಣೆಯೇ ಇರಲಿಲ್ಲ. ಆರಿಯೆರೊನ ಒಂದು ಮಾತಿನ ಮೇಲೆ ಮೂರು ಜೀವಗಳು ನಿಂತಿದ್ದವು. ಎಷ್ಟೋ ವರ್ಷ ಆ ಕಂಡಿಯಲ್ಲಿ ಹಾದುಹೋದವರ ನೋಟವೆಲ್ಲ ಸೇರಿ ಆ ಒಂದು ಮಾತಾಗಿತ್ತು. ಪಾತ್ರೆಯ ಹಾಸ್ಯಕ್ಕೆ ಸಿಕ್ಕ ಪ್ರಸಿದ್ಧಿ ಮೋಡದ ಮಾತಿಗೆ ಸಿಗಲಿಲ್ಲ. ಇದಕ್ಕೆ ಡಾರ್ವಿನ್ನನನ್ನು ದೂರುವಂತಿಲ್ಲ; ಎರಡನ್ನೂ ಬರೆದಿಟ್ಟವನು ಅವನೇ. ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬಿಟ್ಟವರು ಓದುಗರಾದ ನಾವು.

ಪೋರ್ತಿಯೊ ಸಾಲಿನ ಬಂಡೆಗಳಲ್ಲಿ ಅವನಿಗೆ ಮತ್ತೊಂದು ಸೂಕ್ಷ್ಮ ಕಂಡಿತು. ಅಲ್ಲಿಯ ಬೆಸುಗೆಗಲ್ಲಿನಲ್ಲಿ ಪೆವ್ಕೆನೆಸ್ ಸಾಲಿನ ಬಂಡೆಗಳಿಂದಲೇ ಒಡೆದು ಬಂದ, ಚಿಪ್ಪುಗಳಿದ್ದ ಉರುಟುಗಲ್ಲುಗಳು ಸೇರಿಕೊಂಡಿದ್ದವು. ಅಂದರೆ ಪಶ್ಚಿಮದ ಸಾಲು ಮೊದಲೇ ಎದ್ದು, ಸವೆದು, ಕಲ್ಲು ಚೆಲ್ಲಿದ ಮೇಲೆ ಪೂರ್ವದ ಸಾಲು ಎದ್ದಿತು. ಪರ್ವತಕ್ಕೂ ಅಣ್ಣತಮ್ಮಂದಿರಂತೆ ಹಿರಿಯ, ಕಿರಿಯ ಎಂಬುದುಂಟು. ಆಚೆ ಬದಿಗೆ ಇಳಿಯುವಾಗ ಇನ್ನೊಂದು ಸಂಗತಿಯೂ ಗಮನಕ್ಕೆ ಬಂತು. ಹವೆ, ಮಣ್ಣುಗಳಲ್ಲಿ ಹೆಚ್ಚಿನ ಭೇದವಿಲ್ಲದಿದ್ದರೂ ಎರಡು ಬದಿಯ ಗಿಡಗಳೂ ಪ್ರಾಣಿಗಳೂ ಬೇರೆ ಬೇರೆಯಾಗಿದ್ದವು. ಪರ್ವತ ಒಂದು ಗೋಡೆಯಾಗಿ ನಿಂತು ಎರಡು ಬಾಳುವೆಗಳನ್ನು ಬೇರ್ಪಡಿಸಿತ್ತು. 1859ರಲ್ಲಿ ಪ್ರಕಟವಾದ ಮಹಾಗ್ರಂಥಕ್ಕೆ ಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು.

ಮೆಂಡೋಜದ ದಾರಿಯಲ್ಲಿ ಮಿಡತೆಗಳ ಕೆಂಗಂದು ಮೋಡವೊಂದು ಅವರ ಮೇಲೆ ಹಾದುಹೋಯಿತು. ಲುಹಾನ್ ಎಂಬ ಹಳ್ಳಿಯಲ್ಲಿ ಮಲಗಿದ ರಾತ್ರಿ ‘ಬಿಂಚೂಕಾ’ ಎಂಬ ದೊಡ್ಡ ಕರಿಯ ತಿಗಣೆಗಳು ಡಾರ್ವಿನ್ನನನ್ನು ಕಚ್ಚಿದವು. ಈ ಜಾತಿಯ ತಿಗಣೆಗಳಿಂದ ಹರಡುವ ರೋಗವನ್ನು ಬ್ರೆಜಿಲಿನ ವೈದ್ಯ ಕಾರ್ಲೋಸ್ ಶಾಗಸ್ 1909ರಲ್ಲಿ ಗುರುತಿಸಿದನು. ಊರಿಗೆ ಮರಳಿದ ಮೇಲೆ ಡಾರ್ವಿನ್ನನನ್ನು ಜೀವಮಾನವಿಡೀ ಕಾಡಿದ ಕಾಯಿಲೆಗೆ ಈ ಕಡಿತವೇ ಮೂಲವೆಂದು ಕೆಲವರು ಊಹಿಸಿದ್ದಾರೆ, ಒಪ್ಪದವರೂ ಇದ್ದಾರೆ. ಅದೇ ಗುಡಿಸಲುಗಳಲ್ಲಿ ಒಂದು ರಾತ್ರಿಯಲ್ಲ, ಬಾಳೆಲ್ಲ ಮಲಗಿದವರು ಆರಿಯೆರೊಗಳು ಮತ್ತು ಅವರ ಮಕ್ಕಳು.

ಮಾರ್ಚ್ 29ರಂದು ಮೆಂಡೋಜದಿಂದ ಮರುಪ್ರಯಾಣ. ಉಸ್ಪಾಯಾತ ಬೆಟ್ಟಸಾಲಿನಲ್ಲಿ ಸುಮಾರು ಏಳು ಸಾವಿರ ಅಡಿ ಎತ್ತರದ ಬರಡು ಇಳಿಜಾರಿನ ಮೇಲೆ ಬೆಳ್ಳಗಿನ ಮೋಟುಕಂಬಗಳು ನಿಂತಿದ್ದುದು ಡಾರ್ವಿನ್ನನಿಗೆ ಕಾಣಿಸಿತು. ಅವು ಕಲ್ಲಾದ ಮರಗಳು. ಹನ್ನೊಂದು ಮರಗಳು ಸಿಲಿಕವಾಗಿ, ಮೂವತ್ತು ನಲವತ್ತು ಮರಗಳು ಬಿಳಿಯ ಸುಣ್ಣದ ಹರಳಾಗಿ ಮಾರ್ಪಟ್ಟಿದ್ದವು. ತೊಗಟೆಯ ಗುರುತು ಕೂಡ ಅಚ್ಚೊತ್ತಿದಂತಿತ್ತು. ಒಂದು ಕಾಲಕ್ಕೆ ಅಟ್ಲಾಂಟಿಕ್ ಸಾಗರ ಆಂಡೀಸಿನ ಬುಡದವರೆಗೆ ಬಂದಿದ್ದಾಗ ಈ ಮರಗಳು ಅದರ ದಂಡೆಯ ಮೇಲೆ ಕೊಂಬೆಯಾಡಿಸುತ್ತಿದ್ದವು. ಅನಂತರ ನೆಲ ಕುಸಿದು ಮರಗಳು ನಿಂತ ನಿಲುವಿನಲ್ಲೇ ಕಡಲಲ್ಲಿ ಮುಳುಗಿದವು. ಮೇಲೆ ಹೂಳೂ ಲಾವಾರಸವೂ ಪದರ ಪದರವಾಗಿ ಕೂತವು. ಮತ್ತೆ ನೆಲವೆದ್ದು, ಪದರಗಳು ಸವೆದು, ಮರಗಳು ಬಯಲಿಗೆ ಬಂದವು. ಹೀಗೆಂದು ಅವನು ಬಗೆಬಗೆಯಾಗಿ ಯೋಚಿಸಿ ನಿರ್ಧರಿಸಿದನು. ಪರ್ವತ, ಕರಾವಳಿಗಳೆಂದು ನಾವು ಬೇರೆ ಬೇರೆ ಹೆಸರಿಟ್ಟು ಕರೆಯುವುವು ಒಂದೇ ನೆಲದ ಎರಡು ಕಾಲಗಳು. ಮಲೆಯಿಂದ ಕಡಲಿಗೆ ಹೋಗುವ ದಾರಿ ಅವನಿಗೆ ಇತಿಹಾಸದ ದಾರಿಯೂ ಆಗಿತ್ತು.

ಮುಂದೆ ಇಂಕಾ ಸೇತುವೆ, ಅದರಾಚೆ ಹನ್ನೆರಡು ಸಾವಿರ ಅಡಿಗೆ ಮಿಕ್ಕಿದ ನೆತ್ತಿ. ದಾರಿಯುದ್ದಕ್ಕೂ ‘ಕಸೂಚಾ’ಗಳೆಂಬ ಪುಟ್ಟ ಗೋಪುರದಂಥ ಆಸರೆಮನೆಗಳಿದ್ದವು. ಚಳಿಗಾಲದಲ್ಲಿ ಟಪಾಲು ಒಯ್ಯುವವರು ಹಿಮಕ್ಕೆ ಸಿಕ್ಕಿ ಸಾಯದಿರಲೆಂದು ಹದಿನೆಂಟನೆಯ ಶತಮಾನದಲ್ಲಿ ಸ್ಪೇನ್ ಸರಕಾರದ ಅಧಿಕಾರಿ ಅಂಬ್ರೋಸಿಯೊ ಒ’ಹಿಗಿನ್ಸ್ ಇವನ್ನು ಕಟ್ಟಿಸಲು ತೊಡಗಿದ್ದನು. ಅವುಗಳೊಳಗೆ ಇದ್ದಿಲು, ಆಹಾರಗಳನ್ನು ಕೂಡಿಡುತ್ತಿದ್ದರು. ‘ಲಾಸ್ ಆನಿಮಾಸ್’, ಅಂದರೆ ‘ಆತ್ಮಗಳು’ ಎಂಬ ಭಯಂಕರ ಹೆಸರಿನ ಇಕ್ಕಟ್ಟು ಅಂಚೊಂದಿದೆ. ಅದನ್ನು ದಾಟಿದ್ದೇ ತನಗೆ ಮರುದಿನದವರೆಗೆ ತಿಳಿಯಲಿಲ್ಲವೆಂದು ಡಾರ್ವಿನ್ ಬರೆಯುತ್ತಾನೆ. ಹೆದರಿಕೆಯ ಕಥೆಗಳಲ್ಲಿ ಉತ್ಪ್ರೇಕ್ಷೆ ಹೆಚ್ಚು ಎನ್ನುವುದಕ್ಕೆ ಅವನು ಇದನ್ನು ಹೇಳಿದ್ದು. ನಾವು ಅದನ್ನು ಬೇರೆ ರೀತಿಯಲ್ಲೂ ಓದಬಹುದು. ಸವಾರನಿಗೆ ಪ್ರಪಾತದ ಅರಿವೇ ಆಗದಂತೆ ಹೇಸರಗತ್ತೆ ಕಾಲಿಟ್ಟಿತ್ತು, ಅದನ್ನು ಹಾಗೆ ಪಳಗಿಸಿದವನೊಬ್ಬನಿದ್ದನು, ಮುಂದೆ ಗಂಟೆಯ ಸದ್ದು ಕೇಳುತ್ತಿತ್ತು.

ಏಪ್ರಿಲ್ 10ರಂದು ಸಾಂಟಿಯಾಗೊ ತಲುಪಿದರು. ಇಪ್ಪತ್ತನಾಲ್ಕು ದಿನಗಳು, ಇಷ್ಟೇ ಅವಧಿಯಲ್ಲಿ ಇಷ್ಟು ಆನಂದವನ್ನು ತಾನು ಬೇರೆಂದೂ ಕಂಡಿರಲಿಲ್ಲವೆಂದು ಅವನು ನೆನೆಯುತ್ತಾನೆ. ಕೆಲವು ದಿನಗಳಲ್ಲಿ ಕಡಲತಡಿಯ ವಾಲ್ಪರೈಸೊಗೆ ಇಳಿದು, ಏಪ್ರಿಲ್ 18ರಂದು ಕೇಂಬ್ರಿಜ್‌ನಲ್ಲಿದ್ದ ಗುರು ಹೆನ್ಸ್ಲೋವಿಗೆ ಕಂಡದ್ದನ್ನೆಲ್ಲ ಬರೆದನು. ಪುರಾವೆಯಿಲ್ಲದೆ ಇದನ್ನು ಯಾರೂ ನಂಬಲಾರರೆಂಬ ಅಳುಕಿನಿಂದ ಅವನು ಹೇಸರಗತ್ತೆಯ ಅರ್ಧ ಹೊರೆಯಷ್ಟು ಕಲ್ಲುಗಳನ್ನು ಪರ್ವತದಿಂದ ಇಳಿಸಿ ತಂದಿದ್ದನು. ಭೂವಿಜ್ಞಾನದ ಆ ಪುರಾವೆ ಬಂದದ್ದು ಆರಿಯೆರೊ ಪ್ರತಿ ಬೆಳಗ್ಗೆ ಹಗ್ಗ ಬಿಗಿದು ಸಮತೂಕ ನೋಡಿ ಕಟ್ಟಿದ ಹೊರೆಯಲ್ಲಿ.

ಅಲ್ಲಿಗೆ ಪ್ರಯಾಣ ಮುಗಿಯಲಿಲ್ಲ. ಏಪ್ರಿಲ್ 27ರಂದು ಡಾರ್ವಿನ್ ಮತ್ತೆ ಗೊನ್ಸಾಲೆಸ್‌ನೊಡನೆ ಹೊರಟನು, ಈ ಸಲ ಉತ್ತರಕ್ಕೆ, ಕೊಕಿಂಬೊ, ಹುವಾಸ್ಕೊಗಳ ಮೂಲಕ ಕೊಪಿಯಾಪೊಗೆ. ನೇರ ಗೆರೆ ಎಳೆದರೂ 420 ಮೈಲು. ಸುತ್ತುದಾರಿಯಲ್ಲಿ ಇನ್ನೂ ದೂರ. ನಾಲ್ಕು ಕುದುರೆ, ಎರಡು ಹೇಸರಗತ್ತೆಗಳನ್ನು ಒಟ್ಟು 25 ಪೌಂಡಿಗೆ ಕೊಂಡನು. ಉತ್ತರಕ್ಕೆ ಹೋದಂತೆ ಹಸಿರು ಕಡಿಮೆಯಾಗುತ್ತ ಕೊನೆಗೆ ಮರುಭೂಮಿಯೇ ಬಂತು. ಕೊಪಿಯಾಪೊ ಕಣಿವೆಯನ್ನು ಸಮೀಪಿಸಿದ ರಾತ್ರಿ ಮನುಷ್ಯರಿಗೆ ಊಟವಿತ್ತು, ಕುದುರೆಗಳಿಗೆ ಮೇವಿರಲಿಲ್ಲ. ತಾವು ಉಣ್ಣುತ್ತಿರುವಾಗ ಕುದುರೆಗಳು ತಮ್ಮನ್ನು ಕಟ್ಟಿದ್ದ ಗೂಟಗಳನ್ನೇ ಕಡಿಯುವ ಸದ್ದು ಕೇಳುತ್ತಿತ್ತೆಂದು, ಅದನ್ನು ಕೇಳುವುದು ಸಂಕಟವಾಯಿತೆಂದು ಅವನು ಬರೆಯುತ್ತಾನೆ. ಅವು ಐವತ್ತೈದು ಗಂಟೆಗಳ ಕಾಲ ಏನನ್ನೂ ತಿಂದಿರಲಿಲ್ಲ. ನೋಡಿದರೆ ಹಾಗೆ ಹೇಳುವಂತಿರಲಿಲ್ಲ. ಕೊಪಿಯಾಪೊದಲ್ಲಿ ಆರು ಪ್ರಾಣಿಗಳನ್ನೂ 23 ಪೌಂಡಿಗೆ ಮಾರಿದನು. ಎರಡು ತಿಂಗಳ ಪ್ರಯಾಣಕ್ಕೆ ತಗಲಿದ ಸವಕಳಿ ಎರಡು ಪೌಂಡು. ಲೆಕ್ಕದ ಪುಸ್ತಕ ಇಷ್ಟನ್ನೇ ಹೇಳುತ್ತದೆ. ಗೂಟ ಕಡಿದ ಸದ್ದು ಉಳಿದಿರುವುದು ಅವನು ಅದನ್ನೂ ಬರೆದದ್ದರಿಂದ.

ಜುಲೈ ಮೊದಲ ವಾರದಲ್ಲಿ ಅವರು ಕಣಿವೆಯನ್ನು ಹಿಡಿದು ಕೊಪಿಯಾಪೊದ ಬಂದರಿಗೆ ಇಳಿದರು. ಬೀಗಲ್ ಅಲ್ಲಿ ಬಂದು ಕಾಯುತ್ತಿತ್ತು. ಚಿಲಿಯಲ್ಲಿ ಎಷ್ಟೋ ಹರದಾರಿ ಜೊತೆಗೆ ಸವಾರಿ ಮಾಡಿದ ಗೊನ್ಸಾಲೆಸ್‌ಗೆ ಡಾರ್ವಿನ್ ಮನಸಾರೆ ವಿದಾಯ ಹೇಳಿದನು. ಮರುದಿನ ಬೆಳಗ್ಗೆ ಹಡಗು ಇಕಿಕೆಯತ್ತ ಹೊರಟಿತು.

ಉಸ್ಪಾಯಾತದ ಕಂಡಿಯಲ್ಲಿ 1910ರಲ್ಲಿ ರೈಲು ಬಂತು. ಸರಕು ಸಾಗಿಸುವ ಹೇಸರಗತ್ತೆಗಳ ಸಾಲು ಕಡಿಮೆಯಾಯಿತು. ಇಂದು ಆರಿಯೆರೊಗಳು ಬೇಸಿಗೆಯಲ್ಲಿ ದನ ಮೇಯಿಸುವುದರ ಜೊತೆಗೆ ಪ್ರವಾಸಿಗರನ್ನು ಕುದುರೆಯೇರಿಸಿ ಹಲವು ದಿನಗಳ ಪರ್ವತಯಾತ್ರೆಗೂ ಕರೆದೊಯ್ಯುತ್ತಾರೆ. ಕಲ್ಲುಮರಗಳಿದ್ದ ಜಾಗದಲ್ಲಿ ಡಾರ್ವಿನ್ನನ ನೆನಪಿಗೆ ಫಲಕವಿದೆ. ಅದು ಇರಬೇಕಾದದ್ದೇ. ಅದರ ಪಕ್ಕದಲ್ಲಿ ಅವನನ್ನು ಅಲ್ಲಿಗೆ ತಂದವನ ಹೆಸರನ್ನೂ ಬರೆಯೋಣವೆಂದರೆ ಗ್ರಂಥದಲ್ಲಿ ಹೆಸರಿಲ್ಲ.

ಈ ಮಾತು ಚಿಲಿಗೆ ಮಾತ್ರ ಸಲ್ಲುವುದಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದನು. 1807ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದ ಅವನ ವರದಿ ಇಂದಿಗೂ ನಮ್ಮ ನಾಡಿನ ಬೇಸಾಯ, ಕಸುಬು, ದರಗಳ ಇತಿಹಾಸಕ್ಕೆ ಆಕರ. ನಾವೂ ಅದನ್ನು ಎಷ್ಟೋ ಸಲ ಬಳಸಿಕೊಂಡಿದ್ದೇವೆ. ಅದನ್ನು ಓದುವಾಗಲೂ ಇದೇ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಡೇರೆ ಹೊತ್ತವರು ಯಾರು, ಕನ್ನಡ ತುಳುಗಳ ಮಾತನ್ನು ತಿಳಿಸಿ ಹೇಳಿದವರು ಯಾರು, ಘಾಟಿಯಲ್ಲಿ ಮುಂದೆ ನಡೆದವರು ಯಾರು?

ಇನ್ನೂ ಹತ್ತಿರದ ಪ್ರಶ್ನೆಯೊಂದಿದೆ. ನಮ್ಮಲ್ಲಿ ಬಹಳ ಮಂದಿಯ ಹಿರಿಯರು ಘಾಟಿ ಇಳಿದೋ, ಕರಾವಳಿಯಿಂದ ಹೊರಟೋ ಈ ಊರುಗಳಿಗೆ ಬಂದವರು. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಅವರ ಕಥೆಗಳನ್ನು ಮನೆಮನೆಯಲ್ಲೂ ಹೇಳುತ್ತೇವೆ. ಅವರ ಹೆಸರು ನಮಗೆ ಗೊತ್ತು. ಆದರೆ ಹನ್ನೆರಡು ಹದಿಮೂರು ವರ್ಷದ ಆ ಹುಡುಗರನ್ನು ಕೈಹಿಡಿದು ಕರೆತಂದ ಊರಿನ ಹಿರಿಯ, ಮೊದಲ ರಾತ್ರಿ ಮಲಗಲು ಜಾಗ ತೋರಿಸಿದವನು, ಯಾವ ಬೀದಿಯಲ್ಲಿ ಹೋಗಬಾರದೆಂದು ತಿಳಿಸಿದವನು ಯಾರು? ಕೇಳಿದರೆ ಹೇಳಬಲ್ಲವರು ನಮ್ಮ ಮನೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರಿರುವಾಗಲೇ ಕೇಳಿ ಆ ಹೆಸರುಗಳನ್ನು ಬರೆದಿಟ್ಟುಕೊಳ್ಳೋಣ.